ರೈಟ್ ಅಂದಳು ಅವ್ವ

ಆ ವಾಡೇದ ದೊಡ್ಡ ಬಾಗಿಲಾ ತೆರದದ್ದು
ಊರಾಗ ಯಾರೂ ನೋಡಿರಲಿಲ್ಲ.
ಅದರ ಹೊಟ್ಟ್ಯಾಗೊಂದು ದಿಡ್ಡಿ ಬಾಗಿಲಾ;
ದೇಸಾಯರ ಮೊಮ್ಮಗನಾಗಲಿ, ಸಗಣಿ ಹೊರು ಸತ್ಯವ್ವನಾಗಲಿ
ತಲಿ ಬಗ್ಗಿಸೇ ಒಳಗ ಹೋಗಬೇಕು.
ಅಡಿವೆಪ್ಪನ ಹಣಿಮ್ಯಾಲ ಅದರದೊಂದು ಗಾಯದ ಗುರುತು.
ಆರು ಫೂಟು ಎರಡಿಂಚಿನ ಮನಿಶ್ಯಾ,
ಹನ್ನೊಂದು ವರ್ಷ ಆ ವಾಡೇದ ಕೀಲಿ ಕಾಯ್ದಾವ.

ಅವ್ವ ಅವನ್ನ ಮೊದಲ ನೋಡಿದ್ದು
ಹಿಡಕಲ್ಲಿನ ಮುಂಜಾನಿ ಬಸ್ಸಿನ್ಯಾಗ,
ಐನೂರರ ಒಂದು ನೋಟಿನ ಹಿಂದ.
ಚಿಲ್ಲರ ಇರಲಿಲ್ಲ. ಟಿಕೀಟಿನ ಬೆನ್ನಿಗೆ ಬಾಕಿ ಬರದು ಕೊಟ್ಟಳು.
ಎರಡು ವರ್ಷ ದಿನಾ ಅದ ಬಸ್ಸು ಹತ್ತಿದ,
ಬಾಕಿ ಮಾತ್ರ ಕೇಳಲಿಲ್ಲ.
ಇಷ್ಟ ಕಥಿ. ಹೆಚ್ಚಿಂದು ನನಗೂ ಹೇಳಿಲ್ಲ ಆಕಿ.

ಲಗ್ನ ಹೂಡಿದಾಕಿ ನಮ್ಮ ಅಜ್ಜಿ, ಅಪ್ಪನ ಅವ್ವ.
"ಸೊಸಿಗೆ ಯಾರರ ಮದುವಿ ಮಾಡ್ತಾರೇನ ಕಲ್ಲವ್ವ?"
ಅಂದವರ ಮುಂದ ಎಲಿಅಡಿಕಿ ಉಗುಳಿ ಬಂದು
"ಮಗನ್ನ ಮಣ್ಣು ಮಾಡಿದ ಕೈ ಇದು,
ಇದಕ್ಕ ಒಂದೀಟು ಅರಿಷಿಣಾನೂ ಹತ್ತಲಿ" ಅಂದಳು.
ಅಪ್ಪನ ಫೋಟೋ ಸೆರಗಿಲೆ ಒರಸಿ
ಅದರ ಮುಂದೂ ಒಂದು ಲಗ್ನಪತ್ರ ಇಟ್ಟಳು.

ವೈಶಾಖದ ಗಾಳಿ.
ಹಿನ್ನೀರು ಹಿಂದ ಸರದು
ಮುಳುಗಿದ ಊರಿನ ಗುಡಿ ಎದಿಮಟ ಎದ್ದು ನಿಂತಿತ್ತು,
ಕರೀದೇನ ಬಂದು, ದೂರ ನಿಂತು,
ಊಟಕ್ಕ ಕರೀತಾರೇನು ಅಂತ ನೋಡು ಹಿರ್ಯಾನಂಗ.
ಹಂದರದ ಬಟ್ಟಿ ಎಂಟಕ್ಕ ಹರದು
ಹತ್ತಕ್ಕ ಬೇವಿನ ತುದಿ ಮುಟ್ಟಿತು.
"ಪಡಸಾಲ್ಯಾಗ ಮುಗಸೂಣೇನ್ರಿ?" ಅಯ್ನೋರು ಗಡ್ಡಾ ಹಿಡಕೊಂಡು ಕೇಳಿದರು.
ಅಜ್ಜಿ ಮ್ಯಾಲ ನೋಡಿದಳು:
"ಆ ದೊಡ್ಡ ಹಂದರಾ ಕಟ್ಟಿದಾವ ಇನ್ನೂ ಬಿಚ್ಚಿಲ್ಲಲ್ರಿ. ನಡೀಲಿ."

ಹಣಮಪ್ಪನ ಗುಡ್ಯಾಗ ಬಾಸಿಂಗ ಕಟ್ಟಿ
ಕರಡಿ ಮಜಲಿನ ಹಿಂದ ಎಲ್ಲಾರೂ ಹೊಂಟಿವಿ.
ಇಳಕಲ್ ಸೀರಿ, ಕೈತುಂಬ ಹಸರ ಬಳಿ,
ಆದರ ಅವ್ವನ ನಡಗಿ ಮಾತ್ರ ಓಡು ಬಸ್ಸಿನ್ಯಾಗಿನದು,
ಕಾಲು ಅಗಲಿಸಿ, ಒಂದು ಕೈ ಗಾಳ್ಯಾಗ, ಇಲ್ಲದ ಸಳಿ ಹಿಡಕೊಂಡು.
ವಾಡೇದ ಮುಂದ ಬಂದು ನಿಂತಿತು ಮೆರವಣಗಿ.
ಬಾಸಿಂಗ ಕಟ್ಟಿದ ತಲಿ ಬಗ್ಗಬಾರದು.
ದಿಡ್ಡಿ ಬಾಗಿಲಾ ಬಗ್ಗದೇ ಬಿಡಾಂಗಿಲ್ಲ.

ಮೂರು ದಿನದಿಂದ ಶೇಂಗಾ ಎಣ್ಣಿ ಕುಡಿಸಿದ್ದ ಅಡಿವೆಪ್ಪ,
ಬಿಜಾಗರಿ ಕುಡದು ಸುಮ್ಮನಿದ್ದವು.
ಕೀಲಿ ತಿರುವಿದ. ಬಾಗಿಲಾ ಜಗ್ಗಲಿಲ್ಲ.
ಆವಾಗ ಸಂಕೇಶ್ವರ ಡಿಪೋದ ಡ್ರೈವರ್ ಮಂದಿ
ಹೊಸ ಅಂಗಿ ತೋಳು ಏರಿಸಿ ಮುಂದ ಬಂದರು.
ಕೆಟ್ಟು ನಿಂತ ಗಾಡಿ ದಬ್ಬಿ ರೂಢಿ ಇದ್ದವರು.
ಮಕ್ತುಮಸಾಬ ಹೆಗಲು ಕೊಟ್ಟ, ಯಮನಪ್ಪ ಬೆನ್ನು ಕೊಟ್ಟ,
ವರಾನೂ ಬಾಸಿಂಗ ಸಂಭಾಳಿಸಿಕೊಂಡು ಕೈ ಹಚ್ಚಿದ,
"ಹೂಂ, ಹೇಳವ್ವ ಕಸ್ತೂರಿ!" ಅಂದರು.

ಮದುಮಗಳು ಮಾತಾಡಬಾರದು ಅಂತಾರ.
ಅವ್ವ ತಲಿ ಎತ್ತಿ,
ಇಪ್ಪತ್ತು ವರ್ಷದ ಗಂಟಲಿಲೆ
"ರೈಟ್! ರೈಟ್!" ಅಂದಳು.

ಕಿರ್ರಂತ ಅಂತು, ಧೂಳಾ ಬಿತ್ತು,
ಪಾರಿವಾಳ ಒಂದು ಖಂಡಗ ಹಾರಿದವು,
ಬಾಗಿಲದ ತುಂಬ ಒಮ್ಮಿಗೇ
ಅಂಗಳ, ಬೇವು, ಆಚಿ ಬಿದ್ದ ಗ್ವಾಡಿ,
ಗ್ವಾಡಿ ಆಚಿ ನೀರು, ನೀರು, ನೀರು,
ಬಿಸಲಿಗೆ ಬಿಳಿ ಬಿಳಿ ನಗು ನೀರು.
ಅಜ್ಜಿ ಅತ್ತಳು. "ಧೂಳಾ ಬಿತ್ತು ಕಣ್ಣಾಗ" ಅಂದಳು.
ನಮಗೆಲ್ಲಾ ಬಿದ್ದಿತ್ತು.

ಅಕ್ಷತಿ ಗಾಳಿ ಒಯ್ತು.
ಅರ್ಧ ಜ್ವಾಳ ನೀರಿನ ಕಡೆ, ಅರ್ಧ ಕೋಳಿಗೆ,
ನಾಕು ಕಾಳು ಅವ್ವನ ಬೈತಲ್ಯಾಗ ಹೆಂಗೋ ನಿಂತವು.
ಮಾದಲಿಗೆ ಹಾಲು ಸಾಲಲಿಲ್ಲ, ತುಪ್ಪ ಹೆಚ್ಚಾತು, ಯಾರೂ ಬೈಲಿಲ್ಲ.

ಸಂಜೀಕ ಕಟ್ಟಿಮ್ಯಾಲ ನನ್ನ ಬಾಜೂಕ ಕುಂತು
ಅಡಿವೆಪ್ಪ ಕಿಸೆದಿಂದ ಮಾಸಿದ ಟಿಕೀಟು ತಗದ:
ಬಾಕಿ ನಾಕನೂರ ಎಂಬತ್ತೆರಡು.
"ನಿಮ್ಮವ್ವನ ಕಡಿಂದ ವಸೂಲ ಮಾಡು, ಅರ್ಧ ನಿಂದು."
ಏನಂತ ಕರೀಬೇಕು ಇವರಿಗೆ, ಇನ್ನೂ ತಿಳದಿಲ್ಲ.
"ಹೂಂ ರೀ" ಅಂದೆ.

ರಾತ್ರಿ ಬಾಗಿಲಾ ಮುಚ್ಚಾಕ ಹೋದರ
ಅದು ಜಪ್ಪಯ್ಯ ಅನ್ನಲಿಲ್ಲ.
ಬೆಳಗಾಗೂದರಾಗ ಯಾರದೋ ಆಡು ಬಂದು
ತಲಿ ಎತ್ತಿಕೊಂಡೇ ಒಳಗ ನಡದು
ಹಂದರದ ಬಾಳಿಕಂಬ ತಿಂದು ಹೋಗಿದ್ದವು.